ಆಂಪ್ ಗುಂಯ್ ಅಂದರೆ ಮೊದಲು ಕೇಬಲ್ ಕಿತ್ತು ನೋಡಿ

ಗಣೇಶ ಹಬ್ಬ ಹತ್ತಿರ ಬಂತೆಂದರೆ ಬೆಳಗಾವಿಯ ಆರ್ಕೆಸ್ಟ್ರಾ ಹುಡುಗರು ಗಿಟಾರ್ ಆಂಪ್ (ಆಂಪ್ಲಿಫೈಯರ್) ಹೊತ್ತು ಅಂಗಡಿಗೆ ಬರುತ್ತಾರೆ. 'ಅಣ್ಣಾರ, ಒಂದೇ ಸವನೆ ಗುಂಯ್ ಅಂತೈತ್ರಿ. ಟ್ರಾನ್ಸ್‌ಫಾರ್ಮರ್ ಹೋಗಿರಬೇಕು ನೋಡ್ರಿ.' ಟ್ರಾನ್ಸ್‌ಫಾರ್ಮರ್ ಅಷ್ಟು ಸುಲಭಕ್ಕೆ ಹೋಗಲ್ಲ. ಎಷ್ಟೋ ಸಲ ಆಂಪ್‌ನಲ್ಲಿ ದೋಷವೇ ಇರುವುದಿಲ್ಲ.

ವಾಲ್ಯೂಮ್ ಇಳಿಸಿ, ಗಿಟಾರ್ ಕೇಬಲನ್ನು ಆಂಪ್ ಕಡೆಯಿಂದ ಕಿತ್ತು, ಮತ್ತೆ ಏರಿಸಿ. ಸಾಕಷ್ಟು ಆಂಪ್‌ಗಳಲ್ಲಿ ಕೇಬಲ್ ತೆಗೆದೊಡನೆ ಇನ್‌ಪುಟ್ ತಾನಾಗಿ ಶಾರ್ಟ್ ಆಗುತ್ತದೆ, ಹೊರಗಿನ ಸದ್ದು ಒಳಗೆ ಬರಲ್ಲ. ಗುಂಯ್ ನಿಂತಿತಾ? ಹಾಗಾದ್ರೆ ತೊಂದರೆ ಕೇಬಲ್, ಪೆಡಲ್ (ನಡುವೆ ಜೋಡಿಸಿ ಕಾಲಲ್ಲಿ ಒತ್ತುವ ಎಫೆಕ್ಟ್ ಡಬ್ಬಿ) ಇಲ್ಲವೇ ಗಿಟಾರಿನದು. ಪೆಡಲ್ ಬಿಟ್ಟು ಗಿಟಾರನ್ನು ನೇರ ಆಂಪ್‌ಗೆ ಹಾಕಿ. ಆಗ ಸುಮ್ಮನಾದರೆ ನನ್ನ ಮೊದಲ ಅನುಮಾನ ಪೆಡಲ್‌ನ ಅಗ್ಗದ ಅಡಾಪ್ಟರ್ ಮೇಲೆ. 9 ವೋಲ್ಟ್ ಬ್ಯಾಟರಿ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಗಿಟಾರ್ ಹಿಡಿದು ನಿಂತಲ್ಲೇ ತಿರುಗಿ. ಒಂದು ದಿಕ್ಕಿಗೆ ಸದ್ದು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಆದರೆ ಅದು ಸಿಂಗಲ್ ಕಾಯಿಲ್ ಪಿಕಪ್‌ನ ಹುಟ್ಟುಗುಣ. ಪಿಕಪ್ ಅಂದರೆ ತಂತಿಯ ಕಂಪನವನ್ನು ಹಿಡಿಯುವ, ಅಯಸ್ಕಾಂತಕ್ಕೆ ತಂತಿ ಸುತ್ತಿದ ಭಾಗ. ಪಕ್ಕದ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಚೋಕ್‌ನ ಗುಂಯ್ಯನ್ನೂ ಅದು ಎಳೆದುಕೊಳ್ಳುತ್ತದೆ. ಇದಕ್ಕೆಂದೇ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳ ಹಂಬಕರ್ ಮಾಡಿ, 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು. ಒಂದು ಕಾಯಿಲ್‌ನ ಗುಂಯ್ ಇನ್ನೊಂದರದ್ದನ್ನು ಹೊಡೆದುಹಾಕುತ್ತದೆ.

ಕೇಬಲ್ ಕಿತ್ತು, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಸದ್ದು ಹಾಗೇ ಇದೆಯೇ? ಆಗ ಆಂಪ್ ಬಿಚ್ಚಬೇಕು. ನಮ್ಮ ಕರೆಂಟ್ 50 ಹರ್ಟ್ಜ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದಾಗ ಅದರ ಏರಿಳಿತ 100 ಹರ್ಟ್ಜ್ ಆಗುತ್ತದೆ. ದಪ್ಪ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ನುಡಿಸಿ, ಅದು 98 ಹರ್ಟ್ಜ್. ಆಂಪ್‌ನ ಗುಂಯ್ ಅದಕ್ಕೆ ಹೆಚ್ಚುಕಡಿಮೆ ಶ್ರುತಿ ಸೇರಿದರೆ ನಾನು ಮೊದಲು ಆ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆಯಾ ನೋಡುತ್ತೇನೆ. ವಾಲ್ವ್ ಆಂಪ್ (ಒಳಗೆ ಗಾಜಿನ ಟ್ಯೂಬ್ ಇರುವಂಥದ್ದು) ಆದರೆ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 400 ವೋಲ್ಟ್ ಉಳಿದಿರಬಹುದು.

ಮಳೆಗಾಲದ ಚರಚರ ಬೇರೆ. ನಾಬ್ ತಿರುಗಿಸಿದಾಗ ಮಾತ್ರ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕಾರು ಸಲ ತಿರುಗಿಸಿದರೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ ಮಾರಾಯ್ರೇ.

ಇನ್ನು ಪೆಂಡಾಲ್. ಆಂಪ್ ಒಂದು ಬೋರ್ಡ್‌ನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ, ಇವೆರಡರ ನಡುವೆ ಒಂದು ಕೇಬಲ್. ಎರಡು ಕಡೆಯ ಅರ್ಥ್ ಆ ಕೇಬಲ್ ಮೂಲಕ ಸುತ್ತು ಹಾಕಿಕೊಂಡು, ಅಂದರೆ ಅರ್ಥ್ ಲೂಪ್ ಆಗಿ, ಗುಂಯ್ ಶುರು. ಕೆಲವರು ಪ್ಲಗ್ಗಿನ ದಪ್ಪ ಪಿನ್ನನ್ನೇ, ಅಂದರೆ ಅರ್ಥ್ ಪಿನ್ನನ್ನೇ, ಮುರಿದುಬಿಡುತ್ತಾರೆ. ಸದ್ದೇನೋ ಹೋಗುತ್ತದೆ. ಆದರೆ ಒಳಗೆಲ್ಲಾದರೂ ಶಾರ್ಟ್ ಆದರೆ 230 ವೋಲ್ಟ್ ಗಿಟಾರಿನ ತಂತಿಗೇ ಬಂದು ನಿಲ್ಲುತ್ತದೆ. ಗಿಟಾರ್ ಹಿಡಿದು ಹಾಡುವವನ ತುಟಿ ಆಗಲೇ ಮೈಕಿಗೆ ತಾಗುವುದು, ಶಾಕ್ ಅವನ ಮೈಮೂಲಕ ಹಾಯುತ್ತದೆ. ಪಿನ್ ಮುಟ್ಟಬೇಡಿ, ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಆಗಲೂ ನಿಲ್ಲದಿದ್ದರೆ ಡಿಐ ಬಾಕ್ಸ್ (ಆಂಪ್ ಮತ್ತು ಮಿಕ್ಸರ್ ನಡುವೆ ಹಾಕುವ ಪುಟ್ಟ ಡಬ್ಬಿ) ಮೂಲಕ ಕಳಿಸಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ.