ನಿಷೇಧದ ಆಜ್ಞೆಯಿಲ್ಲದೆ ತಡೆಹಿಡಿದ ಕಾದಂಬರಿ

ಈಜಿಪ್ಟಿನ ಕಾದಂಬರಿಕಾರ ನಜೀಬ್ ಮಹಫೂಜ್ ಅವರ ‘ಔಲಾದ್ ಹಾರತಿನಾ’, ಅಂದರೆ ‘ನಮ್ಮ ಕೇರಿಯ ಮಕ್ಕಳು’, 1959ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪೂರ್ತಿ ಪ್ರಕಟವಾಗಿದ್ದರೂ, ಅದೇ ದೇಶದಲ್ಲಿ ಅಧಿಕೃತ ಪುಸ್ತಕವಾಗಿ ಹೊರಬರಲು 2006ರವರೆಗೆ ಕಾಯಬೇಕಾಯಿತು. ಇಷ್ಟು ದೀರ್ಘಕಾಲ ಅದನ್ನು ತಡೆದದ್ದು ನ್ಯಾಯಾಲಯದ ತೀರ್ಪಲ್ಲ, ಬಾಯಿಮಾತಿನ ಒಂದು ಒಪ್ಪಂದ.

1911ರಲ್ಲಿ ಹಳೆಯ ಕೈರೋದ ಗಮಾಲಿಯಾದಲ್ಲಿ ಹುಟ್ಟಿದ ಮಹಫೂಜ್ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು, 1971ರಲ್ಲಿ ನಿವೃತ್ತರಾಗುವ ತನಕ ಸರ್ಕಾರಿ ನೌಕರರಾಗಿದ್ದರು. ಅವರಿಗೆ ಹೆಸರು ತಂದ ‘ಕೈರೋ ತ್ರಿವಳಿ’ 1956–57ರಲ್ಲಿ ಪ್ರಕಟವಾಯಿತಾದರೂ ಅದರ ಬರವಣಿಗೆ ಈಜಿಪ್ಟಿನ ದೊರೆತನವನ್ನು ಕೊನೆಗಾಣಿಸಿದ 1952ರ ಕ್ರಾಂತಿಗೆ ಮುನ್ನವೇ ಮುಗಿದಿತ್ತು. ಆಮೇಲೆ ಹಲವು ವರ್ಷ ಅವರು ಕಾದಂಬರಿಯ ಗೊಡವೆಗೇ ಹೋಗಲಿಲ್ಲ. ಆ ಮೌನ ಮುರಿದು ಬಂದ ಕೃತಿಯೇ ಇದು.

ಕೇರಿಯ ಅಂಚಿನ ದೊಡ್ಡ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುವ ಹಿರಿಯ ಗಬಲಾವಿ, ಅವನ ಆಸ್ತಿಯ ಪಾಲಿಗಾಗಿ ಪೀಳಿಗೆಯಿಂದ ಪೀಳಿಗೆಗೆ ಬಡಿದಾಡುವ ಸಂತತಿ, ನ್ಯಾಯ ಕೇಳಲು ಒಬ್ಬೊಬ್ಬರಾಗಿ ಎದ್ದು ನಿಲ್ಲುವ ನಾಯಕರು: ಇವರಲ್ಲಿ ಆದಮ್, ಮೋಸೆಸ್, ಏಸು, ಮಹಮ್ಮದರ ಛಾಯೆ ಗುರುತಿಸಲು ಓದುಗರಿಗೆ ಕಷ್ಟವಾಗಲಿಲ್ಲ. ಕೊನೆಗೆ ಬರುವ ಮಾಂತ್ರಿಕ ಅರಫಾ ವಿಜ್ಞಾನದ ಪ್ರತಿರೂಪ, ಗಬಲಾವಿಯ ಸಾವಿಗೆ ಅವನೇ ಕಾರಣನಾಗುತ್ತಾನೆ. ಅಧ್ಯಾಯಗಳ ಸಂಖ್ಯೆ, ಕುರಾನಿನ ಸೂರಾಗಳಷ್ಟೇ, 114. ಇಷ್ಟೆಲ್ಲ ಇಟ್ಟು ಬರೆದವರಿಗೆ ವಿವಾದದ ಸುಳಿವೇ ಇರಲಿಲ್ಲವೆಂದರೆ ನಂಬುವುದು ಕಷ್ಟ.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ‘ಅಲ್ ಅಹ್ರಾಮ್’ ದಿನಪತ್ರಿಕೆಯಲ್ಲಿ ಕಂತುಗಳು ಬರುತ್ತಿದ್ದಂತೆ ಕೈರೋದ ಇಸ್ಲಾಮಿ ವಿದ್ಯಾಪೀಠ ಅಲ್ ಅಜ್‌ಹರ್‌ನ ವಿದ್ವಾಂಸರು ಇದು ಧರ್ಮನಿಂದೆಯೆಂದು ವಿರೋಧಿಸಿದರು. ಅಂದಿನ ಅಧ್ಯಕ್ಷ ನಾಸೆರ್‌ಗೆ ಆಪ್ತರಾಗಿದ್ದ ಸಂಪಾದಕ ಮೊಹಮ್ಮದ್ ಹಸನೈನ್ ಹೈಕಲ್ ಕೊನೆಯ ಕಂತಿನವರೆಗೂ ಬಗ್ಗಲಿಲ್ಲ. ಬಳಿಕ ನಾಸೆರ್ ಅವರ ಪ್ರತಿನಿಧಿ, ಪುಸ್ತಕವನ್ನು ಬೇಕಾದರೆ ಹೊರದೇಶದಲ್ಲಿ ತನ್ನಿ, ಈಜಿಪ್ಟಿನಲ್ಲಿ ಬೇಡ ಎಂದು ತಿಳಿಸಿದಾಗ ಮಹಫೂಜ್ ಒಪ್ಪಿಕೊಂಡರು. ವಿಚಿತ್ರವೆಂದರೆ ಆ ದಿನಗಳಲ್ಲಿ ಅವರೇ ಸರ್ಕಾರದ ಕಲಾ ವಿಭಾಗದ ಸೆನ್ಸಾರ್ ಅಧಿಕಾರಿಯಾಗಿದ್ದರು. 1967ರಲ್ಲಿ ಬೈರೂತಿನ ದಾರ್ ಅಲ್ ಆದಾಬ್ ಅದನ್ನು ಅಚ್ಚು ಹಾಕಿತು. ಪ್ರತಿಗಳು ಗುಟ್ಟಾಗಿ ಕೈರೋ ಸೇರಿದವು.

1988ರಲ್ಲಿ ಅರಬ್ಬಿ ಸಾಹಿತ್ಯಕ್ಕೆ ಮೊದಲ ನೊಬೆಲ್ ತಂದುಕೊಟ್ಟ ಮಹಫೂಜ್ ಅವರ ಹೆಸರಿನೊಂದಿಗೆ ಹಳೆಯ ಆರೋಪವೂ ಮರಳಿ ಬಂತು. ಮರುವರ್ಷ ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ವಿವಾದ ಎದ್ದಾಗ ಮೂಲಭೂತವಾದಿ ಧರ್ಮಗುರು ಓಮರ್ ಅಬ್ದೆಲ್ ರಹಮಾನ್, ಮಹಫೂಜ್‌ಗೆ ಆಗಲೇ ಶಿಕ್ಷೆಯಾಗಿದ್ದರೆ ರಶ್ದಿ ಹೀಗೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ ಎಂಬರ್ಥದ ಮಾತಾಡಿದರು. 1994ರ ಅಕ್ಟೋಬರ್ 14ರಂದು ಮನೆಯೆದುರು ಯುವಕನೊಬ್ಬ 82 ವರ್ಷದ ಲೇಖಕರ ಕುತ್ತಿಗೆಗೆ ಚೂರಿ ಹಾಕಿದ. ಅವರು ಬದುಕಿದರು, ಆದರೆ ನರಕ್ಕೆ ಪೆಟ್ಟಾಗಿ ಬಲಗೈ ಸ್ವಾಧೀನ ತಪ್ಪಿತು; ಮತ್ತೆ ಅಕ್ಷರ ತಿದ್ದಿ, ಕೆಲವೇ ಸಾಲುಗಳ ಕನಸಿನ ಕಥೆಗಳನ್ನು ಬರೆದರು.

ಹಲ್ಲೆಯ ನಂತರ ‘ಅಲ್ ಅಹಾಲಿ’ ಪತ್ರಿಕೆ ಅವರ ಒಪ್ಪಿಗೆಯಿಲ್ಲದೆ ಕಾದಂಬರಿಯನ್ನು ಪ್ರಕಟಿಸಿತು. ಅವರು ಮಾತ್ರ ಅಲ್ ಅಜ್‌ಹರ್ ಒಪ್ಪದೆ ಈಜಿಪ್ಟಿನಲ್ಲಿ ಅದು ಪುಸ್ತಕವಾಗಬಾರದೆಂಬ ನಿಲುವಿಗೆ ಅಂಟಿಕೊಂಡರು. ಇದನ್ನು ಹೇಡಿತನವೆಂದು ಕರೆದವರುಂಟು. ಕೊಟ್ಟ ಮಾತನ್ನು ಕಡತದ ಷರಾದಂತೆ ಕಾಪಾಡುವ ಹಳೆಯ ನೌಕರನ ಸ್ವಭಾವ ನನಗೆ ಅಲ್ಲಿ ಹೆಚ್ಚಾಗಿ ಕಾಣುತ್ತದೆ. 2006ರ ಆಗಸ್ಟ್ 30ರಂದು ಅವರು ತೀರಿಕೊಂಡರು. ದಾರ್ ಅಲ್ ಶುರೂಕ್ ಹೊರತಂದ ಕೈರೋ ಆವೃತ್ತಿ ಅಂಗಡಿಗೆ ಬಂದದ್ದು ಅದರ ನಂತರ.