ಟ್ಯೂನ್ ಮಾಡಿಸಿದ ಕಾರಿಗೆ ಎಎಫ್‌ಆರ್ ಗೇಜ್ ಬೇಕಾ? (ಮತ್ತೆ ಬಂತು ನೋಡಿ 14.7)

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರಿಮ್ಯಾಪ್ ಮಾಡಿಸಿದ್ದೇನೆ, ಬೂಸ್ಟ್ (ಟರ್ಬೊ ಒಳಕ್ಕೆ ತಳ್ಳುವ ಗಾಳಿಯ ಒತ್ತಡ) ಕೂಡ ಸ್ವಲ್ಪ ಏರಿಸಿದ್ದಾರೆ. ಏರ್-ಫ್ಯುಯೆಲ್ ರೇಶಿಯೊ (ಎಎಫ್‌ಆರ್, ಅಂದರೆ ಗಾಳಿ-ಪೆಟ್ರೋಲ್ ಅನುಪಾತ) ಗೇಜ್ ಹಾಕಿಸಿದರೆ ಪ್ರಯೋಜನ ಇದೆಯಾ ಸರ್? ಹಾಕಿಸಿದರೆ ಅದು ಯಾವಾಗಲೂ 14.7 ತೋರಿಸಬೇಕು ತಾನೇ?

ಉತ್ತರ: ಮೊದಲನೆಯದಕ್ಕೆ ಹೌದು, ಪ್ರಯೋಜನ ಇದೆ. ಆದರೆ ಗೇಜ್ ವೈಡ್‌ಬ್ಯಾಂಡ್ ಆಗಿರಬೇಕು. ಎರಡನೆಯದಕ್ಕೆ ಇಲ್ಲ. ಈ ‘ಇಲ್ಲ’ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ವೈಡ್‌ಬ್ಯಾಂಡ್ ಮಾತು ಬೇಗ ಮುಗಿಸೋಣ. ಹಳೆಯ ಕಾರುಗಳಲ್ಲಿ ಬರುತ್ತಿದ್ದ, ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ನೋಡುವ ನ್ಯಾರೋಬ್ಯಾಂಡ್ ಸೆನ್ಸರ್ 0ಯಿಂದ 1 ವೋಲ್ಟ್ ಒಳಗೆ ಆಡುತ್ತದೆ. 0.45ರ ಆಚೆ ಈಚೆ ದಿಢೀರನೆ ಜಿಗಿಯುತ್ತದೆ. ಅದಕ್ಕೆ ಬರುವುದು ಎರಡೇ ಮಾತು: ‘ರಿಚ್’ (ಪೆಟ್ರೋಲ್ ಜಾಸ್ತಿ), ‘ಲೀನ್’ (ಗಾಳಿ ಜಾಸ್ತಿ). ಎಷ್ಟು ರಿಚ್ ಅಂತ ಕೇಳಿದರೆ ಅದರ ಬಳಿ ನಂಬುವಂಥ ಉತ್ತರ ಇಲ್ಲ. ಅದಕ್ಕೊಂದು ಬಣ್ಣದ ಎಲ್‌ಇಡಿ ಗೇಜ್ ಜೋಡಿಸಿದರೆ ದೀಪಗಳು ಆ ಕಡೆ ಈ ಕಡೆ ಓಡಾಡುತ್ತವೆ, ನೋಡೋಕೆ ಚೆನ್ನ, ಅಷ್ಟೇ. ವೈಡ್‌ಬ್ಯಾಂಡ್ ಹಾಗಲ್ಲ. ಸೆನ್ಸರ್ ಒಳಗಿನ ಪುಟ್ಟ ಪಂಪ್ ಸೆಲ್ ಆಕ್ಸಿಜನ್ನನ್ನು ಒಳಕ್ಕೂ ಹೊರಕ್ಕೂ ತಳ್ಳುತ್ತದೆ, ಹಾಗೆ ತಳ್ಳಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಮಿಶ್ರಣ ಎಷ್ಟು ಅಂತ ನಂಬರ್ ಸಿಗುತ್ತದೆ. ಹೆಚ್ಚಿನ ಗೇಜ್‌ಗಳಲ್ಲಿ ಇರುವ ಬಾಷ್ ಎಲ್‌ಎಸ್‌ಯು 4.9 ಕೆಲಸ ಮಾಡಲು ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಅದಕ್ಕೇ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ನಂಬರ್ ಬರುವುದಿಲ್ಲ. ಗೇಜ್ ಕೆಟ್ಟಿಲ್ಲ, ಸ್ವಲ್ಪ ತಾಳಿ.

ಈಗ 14.7.

ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ತೂಕದ ಲೆಕ್ಕ ಇದು. ಲೀಟರ್ ಲೆಕ್ಕದಲ್ಲಿ ಹೇಳಿದರೆ 1 ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಇಷ್ಟು ನಿಜ. ಇಲ್ಲಿಂದ ಜನ ಒಂದೇ ನೆಗೆತಕ್ಕೆ ‘ಹಾಗಾದರೆ ಎಂಜಿನ್ನಿಗೆ 14.7 ಒಳ್ಳೆಯದು’ ಅನ್ನುವಲ್ಲಿಗೆ ಹೋಗಿಬಿಡುತ್ತಾರೆ. ತಪ್ಪುವುದು ಅಲ್ಲೇ.

14.7 ಕೇಳುತ್ತಿರುವುದು ಎಂಜಿನ್ ಅಲ್ಲ ಸ್ವಾಮಿ, ಕ್ಯಾಟಲಿಟಿಕ್ ಕನ್ವರ್ಟರ್. ತ್ರೀ-ವೇ ಕನ್ವರ್ಟರ್ ಒಂದೇ ಹೊತ್ತಿಗೆ ಕಾರ್ಬನ್ ಮಾನಾಕ್ಸೈಡ್, ಉರಿಯದ ಇಂಧನ, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಸಾಫ್ ಮಾಡಬೇಕು. ಮೊದಲೆರಡಕ್ಕೆ ಆಕ್ಸಿಜನ್ ಕೊಡಬೇಕು, ಮೂರನೆಯದರಿಂದ ಕಿತ್ತುಕೊಳ್ಳಬೇಕು. ಈ ಎರಡೂ ಒಟ್ಟಿಗೆ ನಡೆಯುವುದು 14.7ರ ಅಕ್ಕಪಕ್ಕದ ಒಂದು ಸಣ್ಣ ಸಂದಿನಲ್ಲಿ ಮಾತ್ರ. ಮಿಶ್ರಣವನ್ನು ಆ ಸಂದಿನಲ್ಲಿ ಹಿಡಿದಿಡಲೆಂದೇ 1976ರಲ್ಲಿ ವೋಲ್ವೊ ಕಾರುಗಳಿಗೆ ಬಾಷ್‌ನ ಲ್ಯಾಂಬ್ಡಾ (ಆಕ್ಸಿಜನ್) ಸೆನ್ಸರ್ ಬಂತು. ಅಂದರೆ 14.7 ಹೊಗೆ ಕೊಳವೆಯ ಅಗತ್ಯ. ಪಿಸ್ಟನ್ನನ್ನು ಯಾರೂ ಕೇಳಲಿಲ್ಲ.

ಪಿಸ್ಟನ್ನನ್ನು ಕೇಳಿದರೆ ಅದು ಸಂದರ್ಭ ನೋಡಿ ಉತ್ತರ ಹೇಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಿರಿ ಅನ್ನಿ. ಆಗ ಕೊರತೆ ಇರುವುದು ಗಾಳಿಗೆ. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ಮಾತ್ರ ಬಂದಷ್ಟೇ. 6,000 ಆರ್‌ಪಿಎಂನಲ್ಲಿ ಒಂದು ಪವರ್ ಸ್ಟ್ರೋಕ್‌ಗೆ ಸಿಗುವ ಸಮಯ 5 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರತಿ ಕಣ ಪೆಟ್ರೋಲೂ ತನ್ನ ಪಾಲಿನ ಆಕ್ಸಿಜನ್ ಹುಡುಕಿಕೊಳ್ಳುವುದಿಲ್ಲ. ಬಂದ ಗಾಳಿ ಸುಮ್ನೆ ಹೊರಗೆ ಹೋಗಬಾರದು ಅಂದರೆ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಕೊಡಬೇಕು. ಅದಕ್ಕೇ ಟರ್ಬೊ ಇಲ್ಲದ ಎಂಜಿನ್ನುಗಳು ಫುಲ್ ಥ್ರಾಟಲ್‌ನಲ್ಲಿ 12.5ರಿಂದ 13ರ ಸುತ್ತ ಚೆನ್ನಾಗಿ ಎಳೆಯುತ್ತವೆ. ಟರ್ಬೊ ಇದ್ದರೆ ಇನ್ನೂ ಕೆಳಗೆ, ಸಾಮಾನ್ಯವಾಗಿ 11ರಿಂದ 12. ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುತ್ತದೆ, ಎಕ್ಸಾಸ್ಟ್ ಬಿಸಿ ಇಳಿಯುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಬಡಿಯುವುದು) ದೂರ ಹೋಗುತ್ತದೆ. ಸಾಮಾನ್ಯ ಟರ್ಬೊ ಎಂಜಿನ್ನನ್ನು ಬೂಸ್ಟ್‌ನಲ್ಲಿ 14.7ಕ್ಕೆ ಹಿಡಿದರೆ ಇದೆಲ್ಲ ತಿರುಗುಮುರುಗಾಗುತ್ತದೆ. ಆಮೇಲೆ ಪಿಸ್ಟನ್ ಬಿಚ್ಚಿ ನೋಡುವ ಕೆಲಸ. ಹೊಸ ಕೆಲವು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳು ಹೆಚ್ಚು ಲೋಡ್‌ನಲ್ಲೂ 14.7ರ ಹತ್ತಿರವೇ ಓಡುತ್ತವೆ, ಗೊತ್ತು. ಅವುಗಳ ಎಕ್ಸಾಸ್ಟ್ ದಾರಿಗೆ ಕೂಲೆಂಟ್ ಹರಿಸುವುದರಿಂದ ಹಿಡಿದು ಎಲ್ಲವನ್ನೂ ಅದಕ್ಕೆಂದೇ ಕಟ್ಟಿರುತ್ತಾರೆ. ನಿಮ್ಮ ಟ್ಯೂನರ್ ಅದನ್ನು ಒಂದು ಮಧ್ಯಾಹ್ನದಲ್ಲಿ ಕಟ್ಟಲಾರ.

ಇನ್ನೊಂದು ಗಾಬರಿ: ಗೇರಿನಲ್ಲಿರುವಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಗೇಜ್ 20 ದಾಟಿ ಲೀನ್ ತುದಿಗೆ ಹೋಗಿ ಕೂರುತ್ತದೆ. ಹೋಗಲೇಬೇಕು. ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸಿದೆ, ಸೆನ್ಸರ್ ಮುಂದೆ ಬರೀ ಗಾಳಿ ಹೋಗುತ್ತಿದೆ. ಇದನ್ನು ನೋಡಿ ನಿದ್ದೆ ಕೆಡಿಸಿಕೊಂಡವರು ನನಗೇ ಮೂರು ಜನ ಗೊತ್ತು.

ಹಾಗಂತ ‘ರಿಚ್ ಇದ್ದಷ್ಟೂ ಸೇಫ್’ ಅನ್ನುವವರ ಮಾತೂ ಕೇಳಬೇಡಿ. ತೀರಾ ರಿಚ್ ಆದರೆ ಮಿಸ್‌ಫೈರ್, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುವುದು, ಕನ್ವರ್ಟರ್ ಹಾಳಾಗುವುದು.

ಇನ್ನು ಗೇಜ್‌ನಿಂದ ಆಗುವುದೇನು, ಆಗದ್ದೇನು. ಗೇಜ್ ನೋಡಿ ಕಾಲು ತೆಗೆದು ಎಂಜಿನ್ ಉಳಿಸುತ್ತೇನೆ ಅನ್ನುವ ಆಸೆ ಬಿಡಿ. ನಾಲ್ಕು ಸಿಲಿಂಡರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ಫೈರ್ ಆಗುತ್ತದೆ. ನಿಮ್ಮ ಕಣ್ಣು ರಸ್ತೆ ಬಿಟ್ಟು ಗೇಜಿಗೆ ಬರುವಷ್ಟರಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಾಕಿಂಗ್ ಅದಕ್ಕೆ ಕಾಣುವುದಿಲ್ಲ. ಸೆನ್ಸರ್ ಒಂದೇ ಇರುವುದರಿಂದ ಕಾಣುವುದು ಎಲ್ಲ ಸಿಲಿಂಡರ್‌ಗಳ ಸರಾಸರಿ. ಮೂರು ಸಿಲಿಂಡರ್ 11.5ರಲ್ಲಿದ್ದು, ಇಂಜೆಕ್ಟರ್ ಕಟ್ಟಿಕೊಂಡ ನಾಲ್ಕನೆಯದು 13.5ರಲ್ಲಿದ್ದರೆ ಗೇಜ್ ಹೇಳುವುದು 12. ನೋಡಲು ಎಷ್ಟು ಚಂದದ ನಂಬರ್, ಅಲ್ವಾ?

ಅದರ ನಿಜವಾದ ಉಪಯೋಗ ಲಾಗ್‌ನಲ್ಲಿದೆ. ಆರ್‌ಪಿಎಂ, ಬೂಸ್ಟ್ ಜೊತೆಗೆ ಎಎಫ್‌ಆರ್ ಕೂಡ ದಾಖಲಾಗಲಿ. ಟ್ಯೂನ್ ಆದ ದಿನ ಒಂದು ಲಾಗ್ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದರ ಜೊತೆ ಹೋಲಿಸಿ. ಮೊದಲು 5,500ರಲ್ಲಿ 11.6 ಇದ್ದದ್ದು ಈಗ 12.4 ಆಗಿದ್ದರೆ, ಅದೂ ಆರ್‌ಪಿಎಂ ಏರಿದಂತೆಲ್ಲ ಏರುತ್ತಿದ್ದರೆ, ಫ್ಯುಯೆಲ್ ಪಂಪ್ ಅಥವಾ ಫಿಲ್ಟರ್ ಸೋಲುತ್ತಿದೆ ಅಂತ ಅನುಮಾನಿಸಿ. ಇಸಿಯುಗೆ ವೈಡ್‌ಬ್ಯಾಂಡ್ ಸಿಗ್ನಲ್ ಕೊಟ್ಟು, ಮಿತಿ ದಾಟಿದರೆ ಬೂಸ್ಟ್ ಕಡಿತ ಮಾಡುವಂತೆ ಹೊಂದಿಸಲು ಆದರೆ ಇನ್ನೂ ಒಳ್ಳೆಯದು. ಇಸಿಯು ನಿಮ್ಮ ಹಾಗೆ ರಸ್ತೆ ನೋಡಬೇಕಾಗಿಲ್ಲ.

ನಂಬರ್ ನಂಬುವ ಮುಂಚೆ ಸೆನ್ಸರನ್ನೂ ಅನುಮಾನಿಸಿ. ನನ್ನದೇ ಪೆದ್ದುತನ ಹೇಳುತ್ತೇನೆ. ಒಂದು ಬೆಳಿಗ್ಗೆ ಐಡ್ಲಿಂಗ್‌ನಲ್ಲಿ ಗೇಜ್ 17 ತೋರಿಸಿತು. ಎದೆ ಧಸಕ್ಕೆಂದಿತು. ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಫಿಲ್ಟರ್ ಬದಲಿಸಿದೆ, ಎರಡು ಭಾನುವಾರ ಹಾಳು. ಬೂಸ್ಟ್‌ನಲ್ಲಿ ಮಾತ್ರ ಮೊದಲಿನ ಹಾಗೇ 11.6. ಸುಳಿವು ಅಲ್ಲೇ ಇತ್ತು, ನಾನು ನೋಡಲಿಲ್ಲ. ಕೊನೆಗೆ ಕಾರಿನಡಿ ಮಲಗಿ ಟಾರ್ಚ್ ಬಿಟ್ಟಾಗ ವೈಡ್‌ಬ್ಯಾಂಡ್‌ಗೆ ಸ್ವಲ್ಪ ಮುಂಚಿನ ಫ್ಲೇಂಜ್ (ಪೈಪ್ ಜೋಡಣೆ) ಮೇಲೆ ಬೆರಳಗಲದ ಕರಿ ಮಸಿ. ಗ್ಯಾಸ್ಕೆಟ್ ಹೋಗಿತ್ತು. ಐಡ್ಲಿಂಗ್‌ನಲ್ಲಿ ಎಕ್ಸಾಸ್ಟ್ ಮಿಡಿತದ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು, ಲೋಡ್‌ನಲ್ಲಿ ಒತ್ತಡ ಹೊರಕ್ಕೇ ಇರುವುದರಿಂದ ಸರಿಯಾಗಿ ಓದುತ್ತಿತ್ತು. ಇಸಿಯುವಿನ ಸ್ವಂತ ಸೆನ್ಸರ್ ಆ ಜಾಗಕ್ಕಿಂತ ಮೊದಲೇ ಇದ್ದದ್ದರಿಂದ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಪೂರ್ತಿ ಸಹಜ. ಒಬಿಡಿ ಸ್ಕ್ಯಾನರ್ (ಇಸಿಯು ಮಾಹಿತಿ ಓದುವ ಉಪಕರಣ) ಚುಚ್ಚಿ ಟ್ರಿಮ್ ನೋಡಿದ್ದರೆ ಐದು ನಿಮಿಷದ ಕೆಲಸ.

ಒಬಿಡಿ ಅಂದಾಗ ನೆನಪಾಯಿತು. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಕಂಪನಿಯಿಂದಲೇ ವೈಡ್‌ಬ್ಯಾಂಡ್ ಬಂದಿರುತ್ತದೆ. ನಿಮ್ಮದರಲ್ಲೂ ಇರಬಹುದು. ಬರೀ ಸಾಫ್ಟ್‌ವೇರ್ ಟ್ಯೂನ್ ಆಗಿದ್ದರೆ ಮೊದಲು ಸ್ಕ್ಯಾನರ್‌ನಲ್ಲಿ ಲ್ಯಾಂಬ್ಡಾ (ಈಗಿನ ಅನುಪಾತವನ್ನು ಪೂರ್ತಿ ಉರಿಯುವ ಅನುಪಾತದಿಂದ ಭಾಗಿಸಿದ ನಂಬರ್) ಓದಿ ನೋಡಿ, ಆಮೇಲೆ ಪೈಪ್‌ಗೆ ತೂತು ಕೊರೆಸಿ.

ಅಲ್ಲಿ 14.7ರ ಬದಲು 1.00 ಕಾಣುತ್ತದೆ. ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸೆನ್ಸರ್‌ಗೆ ಎಎಫ್‌ಆರ್ ಗೊತ್ತೇ ಇಲ್ಲ, ಗೊತ್ತಿರುವುದು ಲ್ಯಾಂಬ್ಡಾ ಮಾತ್ರ. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಟ್ಯಾಂಕ್‌ನಲ್ಲಿ 10% ಎಥೆನಾಲ್ ಬೆರೆತಿದ್ದರೆ ಪೂರ್ತಿ ಉರಿಯುವ ನಿಜವಾದ ಅನುಪಾತ ಸುಮಾರು 14.1. ಇ85 (85% ತನಕ ಎಥೆನಾಲ್ ಇರುವ ಇಂಧನ) ಆದರೆ 9.8ರ ಹತ್ತಿರ. ಗೇಜ್ ಮಾತ್ರ ಆಗಲೂ 14.7 ಅಂತಲೇ ಹೇಳುತ್ತಿರುತ್ತದೆ! ಅದನ್ನು ನೋಡಿ ಲೆಕ್ಕ ಸರಿಪಡಿಸಲು ಹೋದವರು ಎಡವಿದ್ದಾರೆ. ಗೇಜಿನ ಸೆಟ್ಟಿಂಗ್‌ನಲ್ಲಿ ಲ್ಯಾಂಬ್ಡಾ ಇದ್ದರೆ ಇವತ್ತೇ ಬದಲಿಸಿಕೊಳ್ಳಿ. ಟ್ಯೂನರ್ ಹತ್ತಿರ ‘ಬೂಸ್ಟ್‌ನಲ್ಲಿ 0.80 ಇದೆ’ ಅಂದರೆ ಸಾಕು, ಟ್ಯಾಂಕ್‌ನಲ್ಲಿ ಏನಿದೆ ಅಂತ ಆತ ಮತ್ತೆ ಗುಣಾಕಾರ ಮಾಡುತ್ತ ಕೂರಬೇಕಾಗಿಲ್ಲ.