ರಕ್ತ ಅಳೆದ ಹಾಳೆ: ಬೆಳಗಾವಿಯ ಹೆರಿಗೆ ಕೋಣೆಗಳಿಂದ ಹೊರಟ ಪಾಠ

ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಎಂದು ಕೇಳಿದರೆ ಸೂಲಗಿತ್ತಿ ಸೀರೆಯ ಲೆಕ್ಕ ಹೇಳುತ್ತಿದ್ದಳು: ಎರಡು ತೊಯ್ದವು, ಮೂರು ತೊಯ್ದವು. ದವಾಖಾನೆಯ ಲೆಕ್ಕವೂ ಅದಕ್ಕಿಂತ ಬಹಳ ಮುಂದೆ ಹೋಗಿರಲಿಲ್ಲ. ಅಲ್ಲಿಯೂ ಬಟ್ಟೆಯನ್ನು, ನೆಲವನ್ನು ನೋಡಿ ಕಣ್ಣಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಅಂದಾಜು ಎಷ್ಟು ತಪ್ಪುತ್ತದೆ ಎಂಬುದನ್ನು ತೋರಿಸಿದ್ದು ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಕೆಲವರ ಸೊಂಟದ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಕೊಳವೆಯಂಥ ಚೀಲದಲ್ಲಿ ರಕ್ತ ಹಿಡಿದು ಅಳೆದರು. ಉಳಿದವರದನ್ನು ಎಂದಿನಂತೆ ಕಣ್ಣಿನಿಂದ ಅಂದಾಜು ಮಾಡಿದರು. ಕಣ್ಣಿನ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ ಬಂತು.

ಈ ಮೂರನೇ ಒಂದು ಪಾಲಿನಲ್ಲಿ ಜೀವ ಹೋಗುತ್ತದೆ. ಮಗು ಹೊರಬಂದು ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಹಾಗೆ ಬಿಗಿದಾಗಲೇ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಬಿಗಿಯದೆ ಸಡಿಲವಾಗಿಯೇ ಉಳಿದರೆ ನಿಮಿಷಗಳಲ್ಲಿ ಲೀಟರುಗಟ್ಟಲೆ ರಕ್ತ ಹರಿದುಹೋಗಬಹುದು. ಅರ್ಧ ಲೀಟರ್ ದಾಟಿದರೆ ವೈದ್ಯರು ಅದನ್ನು ಹೆರಿಗೆಯ ನಂತರದ ರಕ್ತಸ್ರಾವ ಎಂದು ಕರೆಯುತ್ತಿದ್ದರು. ಆದರೆ ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಗಳಿಗೆ ಅಷ್ಟೂ ಬೇಕಾಗಿಲ್ಲ. ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು.

ಇಂಥ ಪ್ರಶ್ನೆಯನ್ನು ಬೆಳಗಾವಿ ಕೈಗೆತ್ತಿಕೊಳ್ಳಲು ಒಂದು ಹಿನ್ನೆಲೆಯಿದೆ. 1916ರಲ್ಲಿ ಏಳು ಮಂದಿ ಯುವ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಕಾಲೇಜು ಖಾಸಗಿಯದು; ಆದರೆ ವಿದ್ಯಾರ್ಥಿಗಳು ರೋಗಿಯ ನಾಡಿ ಹಿಡಿದು ಕಲಿತದ್ದು ಊರಿನವರು ಸಿವಿಲ್ ದವಾಖಾನೆ ಎಂದು ಕರೆಯುವ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ. ಮುಂದೆ ನೆಹರೂ ನಗರದಲ್ಲಿ ಸಂಸ್ಥೆಯದೇ ದೊಡ್ಡ ಆಸ್ಪತ್ರೆ ಎದ್ದಿತು, 2006ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮನ್ನಣೆಯೂ ಬಂತು. ಅದೇ ಹೊತ್ತಿಗೆ ಸರ್ಕಾರ ತನ್ನದೇ ವೈದ್ಯಕೀಯ ಕಾಲೇಜಾದ ಬಿಮ್ಸ್ ಸ್ಥಾಪಿಸಿ ಜಿಲ್ಲಾ ಆಸ್ಪತ್ರೆಯನ್ನು ಅದರ ಬೋಧನಾ ಆಸ್ಪತ್ರೆಯಾಗಿಸಿತು. ಹೀಗೆ ಒಂದೇ ಊರಿನಲ್ಲಿ ಎರಡು ಬೋಧನಾ ಆಸ್ಪತ್ರೆಗಳಾದವು. ನಾಲ್ಕು ದಶಕಗಳ ಕಾಲ ಒಂದು ಕಾಲೇಜಿನ ವಿದ್ಯೆ ಸರ್ಕಾರಿ ವಾರ್ಡಿನ ಬಡ ರೋಗಿಗಳ ಮೈಮೇಲೆ ಬೆಳೆಯಿತು ಎಂಬುದನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ಕಥೆಯೆಲ್ಲ ಆ ಋಣದ್ದೇ.

2001ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೆರವಿನಿಂದ ತಾಯಿ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗೆ ಒಂದು ಜಾಗತಿಕ ಜಾಲ ಹುಟ್ಟಿತು. ಬೆಳಗಾವಿ ಅದರ ಒಂದು ಕೇಂದ್ರವಾಯಿತು. ಆಗ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲಿ, ಇಲ್ಲವೇ ಉಪಕೇಂದ್ರದಲ್ಲಿ ನರ್ಸಬಾಯಿಯ ಕೈಯಲ್ಲಿ ಆಗುವುದು ಸಾಮಾನ್ಯವಾಗಿತ್ತು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಇತ್ತು ನಿಜ, ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ವಿದ್ಯುತ್ತೇ ನೆಟ್ಟಗಿರದ ಊರಿನಲ್ಲಿ ಅದನ್ನು ನಂಬುವುದು ಹೇಗೆ? ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಗೆ ಫ್ರಿಜ್ ಬೇಡ, ಸಿರಿಂಜ್ ಬೇಡ. ಅದು ಕೆಲಸ ಮಾಡುತ್ತದೆಯೇ ಎಂಬುದೇ ಪ್ರಶ್ನೆಯಾಗಿತ್ತು.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಮಹಿಳೆಯರು ಈ ಪರೀಕ್ಷೆಗೆ ಒಪ್ಪಿಕೊಂಡರು. 812 ಮಂದಿಗೆ 600 ಮೈಕ್ರೊಗ್ರಾಂ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ಗುಳಿಗೆ. ಕೊಟ್ಟವರು, ಹಾಳೆ ಹಾಸಿದವರು, ರಕ್ತ ಅಳೆದವರು 25 ಮಂದಿ ಎಎನ್‌ಎಂಗಳು, ಅಂದರೆ ಹಳ್ಳಿಯ ನರ್ಸಬಾಯಿಯರು. ಆ ಹಾಳೆಗೆ ಅದನ್ನು ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ‘ಬ್ರಾಸ್-ವಿ’ ಎಂದು ಹೆಸರಿಟ್ಟಿದ್ದರು. ವೈದ್ಯರಾದ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಈ ಕೆಲಸದ ಮುಂಚೂಣಿಯಲ್ಲಿದ್ದರು.

ಆ 808 ಮಂದಿಯ ವಿಷಯದಲ್ಲಿ ನಾನು ತಡೆದು ನಿಲ್ಲುತ್ತೇನೆ. ಕೆಲಸ ಮಾಡುವ ಚುಚ್ಚುಮದ್ದು ಜಗತ್ತಿನಲ್ಲಿ ಇರುವಾಗ ಬಾಣಂತಿಗೆ ಬರಿಯ ಗುಳಿಗೆ ಕೊಡುವುದು ಸರಿಯೇ? ಆ ಹಳ್ಳಿಗಳ ಹೆರಿಗೆಗಳಲ್ಲಿ ಅಂಥ ಯಾವ ಔಷಧವನ್ನೂ ವಾಡಿಕೆಯಲ್ಲಿ ಕೊಡುತ್ತಿರಲಿಲ್ಲ, ಹಾಗಾಗಿ ಯಾರಿಂದಲೂ ಏನನ್ನೂ ಕಿತ್ತುಕೊಂಡಂತಾಗಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ಇದರಲ್ಲಿ ಸತ್ಯವಿದೆ. ಆದರೆ ಆ ವಾಡಿಕೆ ಆಕಾಶದಿಂದ ಬಿದ್ದದ್ದಲ್ಲ. ರಸ್ತೆ, ವಿದ್ಯುತ್ತು, ತರಬೇತಿ ಹಳ್ಳಿಗೆ ತಲುಪದ್ದರಿಂದ ಆದದ್ದು. ಆ ಕೊರತೆಯನ್ನೇ ತಳಹದಿ ಮಾಡಿಕೊಂಡು ಪ್ರಯೋಗ ನಡೆದಿದ್ದರೆ, ಫಲ ಕೈಗೆ ಬಂದ ಮೇಲೆ ಅದು ಮೊದಲು ಮುಟ್ಟಬೇಕಾದದ್ದೂ ಅದೇ ಕೇರಿಗಳನ್ನು.

ಫಲವಂತೂ ಸ್ಪಷ್ಟವಾಗಿತ್ತು. ‘ದಿ ಲ್ಯಾನ್ಸೆಟ್’ ಪತ್ರಿಕೆ 2006ರಲ್ಲಿ ಅದನ್ನು ಪ್ರಕಟಿಸಿತು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು, ಒಂದು ಲೀಟರ್ ಮುಟ್ಟುವ ತೀವ್ರ ಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಗುಳಿಗೆ ತೆಗೆದುಕೊಂಡ ಪ್ರತಿ 18 ಬಾಣಂತಿಯರಲ್ಲಿ ಒಬ್ಬಳು ರಕ್ತಸ್ರಾವದಿಂದ ಪಾರಾದಳು. ಚಳಿ, ನಡುಕ, ಜ್ವರ ಹೆಚ್ಚಾಗಿ ಕಂಡವು, ಸ್ವಲ್ಪ ಹೊತ್ತಿನಲ್ಲಿ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿ ಹೆರಿಗೆಯೇ ಮನೆ ಬಿಟ್ಟು ಹೊರಟಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದರ ಹಿಂದೆಯೇ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005–06ರಲ್ಲಿ ಸುಮಾರು ಶೇ 65 ಇದ್ದದ್ದು ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 97 ಆಗಿತ್ತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇತ್ತು, 2018–20ರಲ್ಲಿ 69ಕ್ಕೆ ಬಂತು. ಇದು ದೊಡ್ಡ ಸಾಧನೆ. ಆದರೂ ಆ 69 ದಕ್ಷಿಣದ ರಾಜ್ಯಗಳಲ್ಲೇ ಅತಿ ಹೆಚ್ಚಿನದು. ಅದೇ ಅವಧಿಯಲ್ಲಿ ಕೇರಳದ್ದು 19. ಮನೆಯ ಕೌದಿಯ ಬದಲು ದವಾಖಾನೆಯ ಮಂಚದ ಮೇಲೆ ಮಲಗಿದ ಮಾತ್ರಕ್ಕೆ ರಕ್ತ ತಾನಾಗಿ ನಿಲ್ಲುವುದಿಲ್ಲ.

ಬೆಳಗಾವಿಯ ಹಳ್ಳಿಗಳು ಮುಂದೆಯೂ ಪರೀಕ್ಷೆಗಳಿಗೆ ಬಾಗಿಲು ತೆರೆದೇ ಇದ್ದವು. ಗರ್ಭಿಣಿಯ ಹೆಸರು ಬರೆದುಕೊಂಡು ಹೆರಿಗೆಯಾದ 42ನೇ ದಿನದವರೆಗೆ ಅವಳ ಬೆನ್ನುಬಿಡದ ನೋಂದಣಿ ನಡೆದುಬಂತು. ಅವಧಿಗೆ ಮುನ್ನ ಹೆರಿಗೆ ತಡೆಯಲು ಆಸ್ಪಿರಿನ್, ಹೆರಿಗೆಯ ನಂಜು ತಡೆಯಲು ಅಜಿಥ್ರೊಮೈಸಿನ್ ಪರೀಕ್ಷಿಸಿದ ಬಹುರಾಷ್ಟ್ರ ಅಧ್ಯಯನಗಳಲ್ಲಿ ಈ ಜಿಲ್ಲೆಯ ತಾಯಂದಿರೂ ಇದ್ದಾರೆ.

ಹಾಳೆಯ ಕಥೆ ಮಾತ್ರ ಸುತ್ತಿ ಬಂತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಅಧ್ಯಯನವೊಂದು ಪ್ರಕಟವಾಯಿತು. ಅಳತೆಯ ಗೆರೆಗಳಿರುವ ಹಾಳೆ ಹಾಸಿ, ಗೆರೆ ಮುಟ್ಟಿದೊಡನೆ ಮಾಲೀಸು, ಔಷಧ, ಸಲೈನ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದಾಗ ತೀವ್ರ ಸ್ರಾವ, ಅದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಮತ್ತು ಸಾವು ಒಟ್ಟಾರೆ ಶೇ 60ರಷ್ಟು ಕಡಿಮೆಯಾದವು. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಥ ಹಾಳೆಯ ಬಳಕೆಯನ್ನು ಶಿಫಾರಸು ಮಾಡಿ, ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 300 ಮಿಲಿಲೀಟರಿಗೇ ಎಚ್ಚೆತ್ತುಕೊಳ್ಳಿ ಎಂದಿತು. ಸೀರೆ ಎಣಿಸುತ್ತಿದ್ದ ಸೂಲಗಿತ್ತಿಗೂ, ಕಣ್ಣಂದಾಜಿನ ವೈದ್ಯರಿಗೂ ಕಾಣದೆ ಹೋಗುತ್ತಿದ್ದದ್ದು ಇದೇ 300.

ಸಂಶೋಧನಾ ಲೇಖನದ ತಲೆಯಲ್ಲಿ ವೈದ್ಯರ ಹೆಸರುಗಳಿವೆ. ಆ 25 ಎಎನ್‌ಎಂಗಳು, 1,620 ತಾಯಂದಿರು ಬರಿಯ ಸಂಖ್ಯೆಗಳಾಗಿ ಉಳಿದಿದ್ದಾರೆ. ತಾಯಂದಿರ ಗುರುತು ಗುಟ್ಟಾಗಿರಬೇಕಾದದ್ದೇ. ಫಲಿತಾಂಶಕ್ಕೆ ಗುಟ್ಟು ಬೇಕಿಲ್ಲ. ಅದನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಆಯಾ ಊರಿನ ಅಂಗನವಾಡಿಯಲ್ಲಿ ಕೂರಿಸಿ ಹೇಳಬಹುದು. ಜಿಲ್ಲೆಯ ಪ್ರತಿ ಹೆರಿಗೆ ಕೋಣೆಯ ಕಪಾಟಿನಲ್ಲಿ ಆ ಹಾಳೆ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬಹುದು. ಆ ಮೂರು ವರ್ಷಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಈಗ 20 ದಾಟಿದೆ. ಅವರಲ್ಲಿ ಕೆಲವರು ಈ ಮಳೆಗಾಲ ಕಳೆಯುವ ಮುನ್ನ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರೆ.